ಕಡಲಕ್ಕಿಗಳ ಗಣತಿ: ಏಕೆ, ಹೇಗೆ?

ಚಳಿಗಾಲದಲ್ಲಿ ನಮ್ಮ ಕರಾವಳಿಯ ದೋಣಿಗಳನ್ನು ಹಿಂಬಾಲಿಸುವ ಕಡಲಕ್ಕಿಗಳು ವಲಸೆ ಬಂದ ಅತಿಥಿಗಳು. ಕಂದುತಲೆಯ ಕಡಲಕ್ಕಿ ಮರಿ ಮಾಡುವುದು ಲಡಾಖ್, ಟಿಬೆಟ್‌ಗಳ ಎತ್ತರದ ಸರೋವರಗಳಲ್ಲಿ. ಇಂತಹ ಹಕ್ಕಿಗಳನ್ನು ಎಣಿಸಲು 1987ರಲ್ಲಿ ಏಷ್ಯಾ ನೀರುಹಕ್ಕಿ ಗಣತಿ ಆರಂಭವಾಯಿತು. ಪ್ರತಿ ಜನವರಿಯಲ್ಲಿ ಸ್ವಯಂಸೇವಕರು ಇದನ್ನು ನಡೆಸುತ್ತಾರೆ. ಆ ವೇಳೆಗೆ ಹಕ್ಕಿಗಳ ಪಯಣ ಮುಗಿದಿರುತ್ತದೆ.

ಹಿಂಡು ದೊಡ್ಡದಿದ್ದರೆ ಮೊದಲು ಹತ್ತನ್ನು ಎಣಿಸಿ, ಅಂತಹ ಗುಂಪುಗಳು ಎಷ್ಟಿವೆಯೆಂದು ನಾವು ಅಂದಾಜಿಸಬೇಕು. ಹಾರಿಹೋದ ಹಿಂಡು ಎರಡು ಸಲ ಲೆಕ್ಕಕ್ಕೆ ಬಾರದಂತೆ ಅಕ್ಕಪಕ್ಕದ ತೀರಗಳನ್ನು ಒಂದೇ ಸಮಯದಲ್ಲಿ ಎಣಿಸುವುದು ಒಳಿತು. ಚಳಿಗಾಲದಲ್ಲಿ ತಲೆಯ ಕಂದುಬಣ್ಣ ಮಾಸಿ, ಕಿವಿಯ ಬಳಿ ಕಪ್ಪು ಕಲೆಯಷ್ಟೇ ಉಳಿದಿರುತ್ತದೆ.

ಒಂದೇ ವರ್ಷದ ಸಂಖ್ಯೆ ಹೆಚ್ಚೇನೂ ಹೇಳದು. ಅದೇ ತೀರವನ್ನು ವರ್ಷವರ್ಷವೂ ಎಣಿಸಿದರೆ ಮಾತ್ರ ಹಕ್ಕಿಗಳು ಕಡಿಮೆಯಾಗುತ್ತಿರುವುದು ಸಕಾಲದಲ್ಲಿ ತಿಳಿಯುತ್ತದೆ. ಆದ್ದರಿಂದ ಹಕ್ಕಿ ಕಾಣದಿದ್ದರೆ ಸೊನ್ನೆಯನ್ನೂ ಬರೆದಿಡೋಣ.