ಗ್ಲಾಕೋಮಾ: ಹೋದ ದೃಷ್ಟಿ ಮರಳದು

ವಯಸ್ಸಾದವರ ಕಣ್ಣು ಮಂಜಾದರೆ ‘ಪೊರೆ ಬಂದಿರಬೇಕು, ಬಲಿತ ಮೇಲೆ ಆಪರೇಷನ್ ಮಾಡಿಸಿದರಾಯಿತು’ ಎಂದು ಕಾಯುವುದು ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಮನೆಗಳಲ್ಲೂ ಉಂಟು. ಬೀಳಗಿಯಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿಯವರ (1916-2005) ನೇತ್ರ ಶಿಬಿರಗಳ ಕಾಲದಿಂದಲೂ, ಪೊರೆ ತೆಗೆದರೆ ದೃಷ್ಟಿ ಬರುತ್ತದೆಂಬುದು ನಮ್ಮ ಜನರಿಗೆ ಗೊತ್ತು. ಆದರೆ ಗ್ಲಾಕೋಮಾ ಹಾಗಲ್ಲ. ಇದರಲ್ಲಿ ಹೋದ ದೃಷ್ಟಿ ಯಾವ ಆಪರೇಷನ್ನಿನಿಂದಲೂ ಮರಳುವುದಿಲ್ಲ.

ಕಾರಣವೇನು?

ಕಣ್ಣಿನೊಳಗೆ ಒಂದು ತಿಳಿದ್ರವ ಸದಾ ಉತ್ಪತ್ತಿಯಾಗಿ ಹೊರಗೆ ಹರಿಯುತ್ತಿರುತ್ತದೆ. ಇದು ಕಣ್ಣೀರಲ್ಲ. ಹಿಡಕಲ್ ಅಣೆಕಟ್ಟಿಗೆ ನೀರು ಬರುತ್ತಲೇ ಇದ್ದು, ಗೇಟು ತೆರೆಯದಿದ್ದರೆ ಮಟ್ಟ ಏರುವುದಿಲ್ಲವೆ? ಹಾಗೆಯೇ ಹೊರದಾರಿ ಕಟ್ಟಿದರೆ ಕಣ್ಣಿನ ಒತ್ತಡ ಏರುತ್ತದೆ. ಸಾಧಾರಣ ಒತ್ತಡ 10ರಿಂದ 21 ಮಿ.ಮೀ. ಪಾದರಸ. ಕೆಲವರಿಗೆ ಒತ್ತಡ ಈ ಮಿತಿಯಲ್ಲಿದ್ದರೂ ರೋಗ ಬರುವುದುಂಟು.

ಅಕ್ಷಿಪಟಲದಿಂದ ಮಿದುಳಿಗೆ ದೃಶ್ಯವನ್ನು ಒಯ್ಯುವ ನರದಲ್ಲಿ ಸುಮಾರು 10 ಲಕ್ಷ ತಂತುಗಳಿವೆ. ಒತ್ತಡಕ್ಕೆ ಇವು ಒಂದೊಂದಾಗಿ ಸಾಯುತ್ತವೆ. ಸತ್ತ ತಂತು ಮತ್ತೆ ಚಿಗುರುವುದಿಲ್ಲ.

ಈ ನರಕೋಶಗಳಿಗೆ ಆಸರೆಯಾಗಿರುವ ಬೇರೆ ಜೀವಕೋಶಗಳಿವೆ. ಅವೇ ಗ್ಲಯಾ ಕೋಶಗಳು. ಅವುಗಳಲ್ಲಿ ಒಂದು ಬಗೆಯನ್ನು ಜರ್ಮನಿಯ ಹೈನ್‌ರಿಶ್ ಮ್ಯುಲರ್ 1851ರಲ್ಲಿ ವರ್ಣಿಸಿದರು. ರೈತ ಬೆಳೆಯನ್ನು ಸಾಕುವಂತೆ ಇವು ನರಕೋಶಕ್ಕೆ ಪೋಷಣೆ ಕೊಟ್ಟು, ಕಸವನ್ನು ತೆಗೆಯುತ್ತವೆ. ಗ್ಲಾಕೋಮಾದಲ್ಲಿ ಇವುಗಳ ಸ್ವಭಾವವೇ ಬದಲಾಗುತ್ತದೆ. ಮೊದಮೊದಲು ರಕ್ಷಣೆಗೆ ನಿಂತವು ಕ್ರಮೇಣ ಉರಿಯೂತದ ರಾಸಾಯನಿಕಗಳನ್ನು ಸುರಿಸಿ, ನರಕ್ಕೇ ಹಾನಿ ಮಾಡಬಹುದು. ಇದನ್ನು ತಡೆಯುವ ಔಷಧಿಗಳು ಇನ್ನೂ ಸಂಶೋಧನೆಯ ಹಂತದಲ್ಲಿವೆ. ಸದ್ಯಕ್ಕೆ ನಮ್ಮ ಕೈಯಲ್ಲಿರುವುದು ಒತ್ತಡ ಇಳಿಸುವ ಉಪಾಯ ಮಾತ್ರ.

ತಿಳಿಯುವುದು ಹೇಗೆ?

ಹೆಚ್ಚಿನವರಿಗೆ ನೋವಿರುವುದಿಲ್ಲ. ಪಕ್ಕದ ನೋಟ ಮೊದಲು ಹೋಗುತ್ತದೆ. ಎದುರಿನದು ಕಾಣುತ್ತಲೇ ಇರುವುದರಿಂದ ರೋಗಿಗೆ ಗೊತ್ತಾಗುವುದಿಲ್ಲ. ಪಕ್ಕದಿಂದ ಬಂದ ದನ ಕಾಣದೆ ಡಿಕ್ಕಿ ಹೊಡೆಯುವ ವೇಳೆಗೆ ರೋಗ ಬಲಿತಿರುತ್ತದೆ. ಆದ್ದರಿಂದ 40 ದಾಟಿದವರು, ಅದರಲ್ಲೂ ತಂದೆ-ತಾಯಿ, ಒಡಹುಟ್ಟಿದವರಲ್ಲಿ ಈ ರೋಗವಿದ್ದವರು ಮತ್ತು ಸಕ್ಕರೆ ಕಾಯಿಲೆಯವರು ನೇತ್ರತಜ್ಞರಲ್ಲಿ ಪರೀಕ್ಷೆ ಮಾಡಿಸಬೇಕು. ಕನ್ನಡಕದ ನಂಬರು ನೋಡಿಸಿದರೆ ಸಾಲದು. ಒತ್ತಡವನ್ನೂ ಕಣ್ಣಿನ ಹಿಂಭಾಗದ ನರವನ್ನೂ ನೋಡಿಸಿರಿ.

ಕಣ್ಣು ಕೆಂಪಾಗಿ, ವಿಪರೀತ ನೋವು, ವಾಂತಿ ಬಂದು, ದೀಪದ ಸುತ್ತ ಕಾಮನಬಿಲ್ಲಿನ ಬಳೆ ಕಂಡರೆ ಅಂದೇ ಆಸ್ಪತ್ರೆಗೆ ಹೋಗಿ.

ನೆನಪಿಡಿ

* ಧೂಳು, ತುರಿಕೆಗೆಂದು ಔಷಧಿ ಅಂಗಡಿಯಲ್ಲಿ ಕೇಳಿ ತಂದ ಸ್ಟೀರಾಯ್ಡ್ ಹನಿಯನ್ನು ತಿಂಗಳುಗಟ್ಟಲೆ ಹಾಕಬೇಡಿ. ಅದರಿಂದಲೇ ಒತ್ತಡ ಏರಬಹುದು.

* ವೈದ್ಯರು ಕೊಟ್ಟ ಹನಿಯನ್ನು ‘ಏನೂ ತೊಂದರೆಯಿಲ್ಲ’ ಎಂದು ನಿಲ್ಲಿಸಬೇಡಿ. ಅದು ಹೋದ ದೃಷ್ಟಿಯನ್ನು ತರುವುದಿಲ್ಲ, ಉಳಿದದ್ದನ್ನು ಕಾಯುತ್ತದೆ.

* ಹನಿ ಹಾಕಿದ ಮೇಲೆ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು 2 ನಿಮಿಷ ಒತ್ತಿ ಹಿಡಿಯಿರಿ. ಎರಡು ಬಗೆಯ ಹನಿಗಳಿದ್ದರೆ ನಡುವೆ 5 ನಿಮಿಷ ಬಿಡಿ.

* ಮನೆಯಲ್ಲಿ ಒಬ್ಬರಿಗೆ ಗ್ಲಾಕೋಮಾ ಇದೆಯೆಂದು ತಿಳಿದರೆ ಅಣ್ಣ-ತಮ್ಮ, ಅಕ್ಕ-ತಂಗಿಯರನ್ನೂ, ದೊಡ್ಡವರಾದ ಮಕ್ಕಳನ್ನೂ ಪರೀಕ್ಷೆಗೆ ಕರೆದೊಯ್ಯಿರಿ.