ಹಣ್ಣಾಗದ ಹುಳು, ಮಕ್ಕಳ ಹಾರ್ಮೋನು

ವಿಜಯಪುರದ ಸುತ್ತ ರೇಷ್ಮೆ ಸಾಕುವವರಿಗೆ ಹಾರ್ಮೋನಿನ ಪಾಠ ಬೇರೆ ಬೇಕಿಲ್ಲ. ಹುಳು ಹಣ್ಣಾಗುವ ಹೊತ್ತಿಗೆ ಸೊಪ್ಪಿನ ಮೇಲೆ ಸಸ್ಯಮೂಲದ ಹಾರ್ಮೋನು ಚಿಮುಕಿಸಿದರೆ ಎಲ್ಲವೂ ಒಟ್ಟಿಗೆ ಚಂದ್ರಿಕೆ ಹತ್ತುತ್ತವೆ. ಅದೇ ಬಿಳಿನೊಣಕ್ಕೆ ಹೊಡೆಯುವ ಪೈರಿಪ್ರಾಕ್ಸಿಫೆನ್ ಸೊಪ್ಪಿನಲ್ಲಿ ಒಂದಿಷ್ಟು ಉಳಿದಿದ್ದರೂ ಹುಳು ತಿನ್ನುತ್ತಲೇ ಇರುತ್ತದೆ, ಗೂಡು ಮಾತ್ರ ಕಟ್ಟುವುದಿಲ್ಲ. ವಿಷದಿಂದ ಸಾಯುವುದು ಬೇರೆ, ಬೆಳವಣಿಗೆಯ ಗಡಿಯಾರ ಕೆಡುವುದು ಬೇರೆ.

ನಿಮ್ಮ ಮಕ್ಕಳ ದೇಹದಲ್ಲೂ ಇಂಥ ಗಡಿಯಾರವಿದೆ. ಕಾಸರಗೋಡಿನ ಪಡ್ರೆ ಗ್ರಾಮದ ಗೇರುತೋಟಗಳ ಮೇಲೆ 20 ವರ್ಷಕ್ಕೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಅಹಮದಾಬಾದಿನ ರಾಷ್ಟ್ರೀಯ ವೃತ್ತಿ ಆರೋಗ್ಯ ಸಂಸ್ಥೆಯ ತಜ್ಞರು ಅಲ್ಲಿನ 117 ಹುಡುಗರನ್ನು ಸಿಂಪಡಣೆ ಇಲ್ಲದ ಊರಿನ 90 ಹುಡುಗರೊಂದಿಗೆ ಹೋಲಿಸಿ ನೋಡಿದರು. 2003ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಪಡ್ರೆಯ ಹುಡುಗರಲ್ಲಿ ಪ್ರೌಢತೆ ತಡವಾಗಿತ್ತು, ಟೆಸ್ಟೋಸ್ಟಿರೋನ್ ಮಟ್ಟವೂ ಕಡಿಮೆಯಿತ್ತು. ಕೀಟನಾಶಕ ಉದ್ಯಮ ಇದನ್ನು ಒಪ್ಪಲಿಲ್ಲ. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಎಂಡೋಸಲ್ಫಾನನ್ನು ದೇಶದಾದ್ಯಂತ ತಡೆಯಿತು.

ನಮ್ಮ ಅಡುಗೆಮನೆಯಲ್ಲಿ ಹೆಲಿಕಾಪ್ಟರ್ ಇಲ್ಲ, ನಿಜ. ಆದರೆ ಕುದಿಯುವ ಚಹಾ, ಸಾರು, ಬಿರಿಯಾನಿ ಪ್ಲಾಸ್ಟಿಕ್ ಚೀಲದಲ್ಲೇ ಮನೆಗೆ ಬರುತ್ತವಲ್ಲ! ಪ್ಲಾಸ್ಟಿಕ್ಕನ್ನು ಮೆದುವಾಗಿಸುವ ಥಾಲೇಟ್, ಗಟ್ಟಿ ಡಬ್ಬಿಗಳಲ್ಲಿರುವ ಬಿಸ್‌ಫಿನಾಲ್-ಎ, ಎರಡೂ ಬಿಸಿಗೆ ಮತ್ತು ಎಣ್ಣೆಗೆ ಬೇಗ ಬಿಡುತ್ತವೆ. ಬಿಸ್‌ಫಿನಾಲ್ ಈಸ್ಟ್ರೋಜನ್ನಿನಂತೆ ನಟಿಸುತ್ತದೆ, ಕೆಲವು ಥಾಲೇಟ್‌ಗಳು ಗಂಡು ಹಾರ್ಮೋನನ್ನು ಅಡಗಿಸುತ್ತವೆ. ಇವುಗಳಿಂದಲೇ ಹೆಣ್ಣುಮಕ್ಕಳು ಬೇಗ ದೊಡ್ಡವರಾಗುತ್ತಿದ್ದಾರೆ ಎಂದು ಖಚಿತವಾಗಿ ಹೇಳಲಾಗದು. ಬೊಜ್ಜೂ ಒಂದು ದೊಡ್ಡ ಕಾರಣ. ಹಾಗೆಂದು ಸ್ಟೀಲ್ ಡಬ್ಬಿ ಕೊಂಡೊಯ್ಯಲು ಕಷ್ಟವೇನಿದೆ?

ಸುರ್ಮಾದ ವಿಷಯವನ್ನು ಹೇಳದೆ ಬಿಡಲಾರೆ. ಇಸ್ಮಿದ್ ಎಂಬ ಹೆಸರಿನಲ್ಲಿ ಪೇಟೆಯಲ್ಲಿ ಸಿಗುವ ಎಷ್ಟೋ ಸುರ್ಮಾಗಳಲ್ಲಿ ಇರುವುದು ಸೀಸದ ಗಂಧಕ. ಮಗು ಕಣ್ಣುಜ್ಜಿದ ಬೆರಳನ್ನೇ ಬಾಯಿಗಿಡುತ್ತದೆ. ಸೀಸ ಮೆದುಳಿಗೆ ಹಾನಿ ಮಾಡುವುದು ತಿಳಿದದ್ದೇ. ರಕ್ತದಲ್ಲಿ ಸೀಸ ಹೆಚ್ಚಿದ್ದ ಹುಡುಗಿಯರು ತಡವಾಗಿ ಪ್ರೌಢರಾದದ್ದನ್ನು ಅಮೆರಿಕದ ಅಧ್ಯಯನವೊಂದು ಕಂಡಿದೆ. ಅಜ್ಜಿಯಂದಿರು ಸಿಟ್ಟಾದರೂ ಸರಿ, ಹಸುಗೂಸಿನ ಕಣ್ಣಿಗೆ ಅದು ಬೇಡ.

ದ್ರಾಕ್ಷಿಯನ್ನು ಹರಿಯುವ ನೀರಿನಲ್ಲಿ ಉಜ್ಜಿ ತೊಳೆಯಿರಿ. ತೋಟಕ್ಕೆ ಔಷಧಿ ಹೊಡೆದು ಬಂದವರು ಬಟ್ಟೆ ಬದಲಿಸದೆ ಮಗುವನ್ನು ಎತ್ತಿಕೊಳ್ಳಬಾರದು.

ಹುಡುಗಿಗೆ 8 ತುಂಬುವ ಮುಂಚೆ, ಹುಡುಗನಿಗೆ 9 ತುಂಬುವ ಮುಂಚೆ ಪ್ರೌಢತೆಯ ಗುರುತು ಕಂಡರೆ, ಅಥವಾ ಹುಡುಗಿಗೆ 13, ಹುಡುಗನಿಗೆ 14 ಆದರೂ ಕಾಣದಿದ್ದರೆ, ನಾಚಿಕೆ ಪಟ್ಟು ಮುಚ್ಚಿಡದೆ ಮಕ್ಕಳ ವೈದ್ಯರಿಗೆ ತೋರಿಸಿ.