ಗುಂಯ್ ಎನ್ನದ ಕಂಪ್ಯೂಟರ್

ಬೆಂಗಳೂರಿನ ಎಸ್.ಪಿ. ರೋಡಿಗೆ ಕಂಪ್ಯೂಟರ್ ಅಸೆಂಬಲ್ ಮಾಡಿಸಲು ಹೋದರೆ ಅಂಗಡಿಯವರು ಕೇಳುವುದು ಎರಡೇ ಪ್ರಶ್ನೆ: ‘ಬಜೆಟ್ ಎಷ್ಟು ಸರ್? ಗೇಮಿಂಗಾ, ಆಫೀಸ್ ಕೆಲಸಕ್ಕಾ?’ ಉತ್ತರ ಬಾಯಿಂದ ಹೊರಡುವಷ್ಟರಲ್ಲಿ ಬಣ್ಣದ ದೀಪ ಮಿನುಗುವ, ನಾಲ್ಕು ಫ್ಯಾನಿನ ಗಾಜಿನ ಕ್ಯಾಬಿನೆಟ್ ಕೌಂಟರ್ ಮೇಲೆ ಬಂದು ಕೂತಿರುತ್ತದೆ. ಅದು ಎಷ್ಟು ಸದ್ದು ಮಾಡುತ್ತದೆ ಎಂದು ಅವರು ಹೇಳುವುದಿಲ್ಲ, ನಾವು ಕೇಳುವುದಿಲ್ಲ. ಕೇಳಿದರೂ ಆ ರಸ್ತೆಯ ಹಾರನ್ನುಗಳ ನಡುವೆ ಪರೀಕ್ಷೆ ಮಾಡುವುದು ಹೇಗೆ? ಮನೆಗೆ ತಂದ ಮೇಲೂ ಬೇಸಿಗೆಯಿಡೀ ಸೀಲಿಂಗ್ ಫ್ಯಾನ್ ತಿರುಗುತ್ತಿರುವುದರಿಂದ ಗೊತ್ತಾಗುವುದಿಲ್ಲ. ಚಳಿ ಶುರುವಾಗಿ, ರಾತ್ರಿ ಫ್ಯಾನ್ ಆರಿಸಿ ಕೆಲಸಕ್ಕೆ ಕೂತಾಗಲೇ ಮೇಜಿನ ಕೆಳಗಿನ ಗುಂಯ್‌ಕಾರ ಕಿವಿಗೆ ಬೀಳುವುದು. ಆ ಹೊತ್ತಿಗೆ ಬದಲಾಯಿಸಿ ಕೊಡುವ ಗಡುವು ಮುಗಿದಿರುತ್ತದೆ.

ಸದ್ದು ಬೇಡ ಎನ್ನುವವರು ಮೊದಲು ‘ಸೈಲೆಂಟ್’ ಎಂದು ಬರೆದ ಫ್ಯಾನ್ ಹುಡುಕುತ್ತಾರೆ. ನನ್ನನ್ನು ಕೇಳಿದರೆ ಲೆಕ್ಕ ವ್ಯಾಟಿನಿಂದ ಶುರುವಾಗಬೇಕು. ಕಂಪ್ಯೂಟರ್ ನುಂಗಿದ ಕರೆಂಟೆಲ್ಲ ಕೊನೆಗೆ ಬಿಸಿಯಾಗಿ ಹೊರಬರಲೇಬೇಕು. ಫ್ಯಾನಿಗೆ ಇರುವುದು ಅದನ್ನು ಹೊರಹಾಕುವ ಕೂಲಿ ಕೆಲಸ. ಇಂಟೆಲ್‌ನ ಐ9-14900ಕೆ ಪೂರ್ತಿ ದುಡಿಯುವಾಗ 253 ವ್ಯಾಟ್‌ವರೆಗೆ ಎಳೆಯಬಲ್ಲದು. ಎಎಂಡಿಯ ರೈಜೆನ್ 5 7600 ತನ್ನ ಮಾಮೂಲು ಸೆಟ್ಟಿಂಗಿನಲ್ಲಿ 88 ವ್ಯಾಟಿಗೇ ನಿಲ್ಲುತ್ತದೆ. ಬರವಣಿಗೆ, ಲೆಕ್ಕಪತ್ರ, ಫೋಟೊ ತಿದ್ದುವುದು, ಸಿನಿಮಾ ನೋಡುವುದು ಇಷ್ಟಕ್ಕೆ ಎರಡನೆಯದು ಧಾರಾಳ. ಅದರೊಳಗೇ ಸಣ್ಣ ಗ್ರಾಫಿಕ್ಸ್ ಇರುವುದರಿಂದ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡೂ ಬೇಡ. ಅಲ್ಲಿಗೆ ಎರಡು ಮೂರು ಫ್ಯಾನು ಹುಟ್ಟುವ ಮೊದಲೇ ಕಡಿಮೆಯಾದವು. ಇಂಟೆಲ್ ಕೊಳ್ಳುವವರು ಹೆಸರಿನ ಕೊನೆಯಲ್ಲಿ ‘ಎಫ್’ ಇದೆಯೇ ಎಂದು ನೋಡಿಕೊಳ್ಳಿ. ಇದ್ದರೆ ಒಳಗೆ ಗ್ರಾಫಿಕ್ಸ್ ಇಲ್ಲ, ಕಾರ್ಡ್ ಹಾಕಲೇಬೇಕು. ಸ್ವಲ್ಪ ಅಗ್ಗ ಎಂಬ ಕಾರಣಕ್ಕೆ ಅಂಗಡಿಯಲ್ಲಿ ಅದನ್ನೇ ಮುಂದೆ ಮಾಡುವುದುಂಟು.

ನಮ್ಮ ಹವೆಯ ಮಾತೂ ಇದೆ. ಗಾಳಿಯಿಂದ ತಂಪಾಗುವ ಯಾವ ಕೂಲರೂ ಪ್ರೊಸೆಸರನ್ನು ಕೋಣೆಯ ಗಾಳಿಗಿಂತ ತಣ್ಣಗಿಡಲಾರದು. ಕೋಣೆ 20 ಡಿಗ್ರಿ ಇದ್ದಾಗ 60 ತೋರಿಸುವ ಪ್ರೊಸೆಸರ್, ರಾಯಚೂರಿನ ಮೇ ತಿಂಗಳ 40 ಡಿಗ್ರಿಯಲ್ಲಿ ಅದೇ ಕೆಲಸಕ್ಕೆ, ಅದೇ ಫ್ಯಾನಿನ ವೇಗಕ್ಕೆ ಹೆಚ್ಚುಕಡಿಮೆ 80 ತೋರಿಸುತ್ತದೆ. ಹಾಗಾಗಿ ತಂಪು ದೇಶದವರು ಮೆಚ್ಚಿ ಬರೆದ ‘ಫ್ಯಾನೇ ಇಲ್ಲದ’ ಕಂಪ್ಯೂಟರಿನ ಆಸೆಗೆ ಇಲ್ಲಿ ಬೀಳಬೇಡಿ. ನಿಧಾನವಾಗಿ ತಿರುಗುವ ಒಂದು ಫ್ಯಾನ್ ಇದ್ದರೆ ಸದ್ದು ಬಹುತೇಕ ಕೇಳಿಸದು, ಏಪ್ರಿಲ್ಲೂ ದಾಟುತ್ತದೆ.

ನಿಧಾನ ಎಂಬುದೇ ಇಲ್ಲಿ ಮುಖ್ಯ. ಫ್ಯಾನಿನ ವೇಗ ಅರ್ಧಕ್ಕಿಳಿದರೆ ಅದು ತಳ್ಳುವ ಗಾಳಿಯೂ ಅರ್ಧವಾಗುತ್ತದೆ, ಆದರೆ ಸದ್ದು ಸುಮಾರು 15 ಡೆಸಿಬೆಲ್ ಬೀಳುತ್ತದೆ. 10 ಡೆಸಿಬೆಲ್ ಕಡಿಮೆಯಾದರೇ ನಮ್ಮ ಕಿವಿಗೆ ಸದ್ದು ಅರ್ಧವಾದ ಹಾಗೆ. ಅತ್ತ, ಒಂದೇ ಬಗೆಯ ಎರಡು ಫ್ಯಾನು ಒಟ್ಟಿಗೆ ತಿರುಗಿದರೆ ಹೆಚ್ಚುವುದು ಬರೀ 3 ಡೆಸಿಬೆಲ್. ಅಂದರೆ ನಿಮಿಷಕ್ಕೆ 1200 ಸುತ್ತು ತಿರುಗುವ ಒಂದರ ಬದಲು 600 ಸುತ್ತಿನ ಎರಡು ಹಾಕಿದರೆ ಗಾಳಿ ಅಷ್ಟೇ, ಸದ್ದು 12 ಡೆಸಿಬೆಲ್ಲಿನಷ್ಟು ಕಡಿಮೆ. ದೊಡ್ಡ ಫ್ಯಾನಿಗೂ ಇದೇ ತರ್ಕ: 140 ಮಿಲಿಮೀಟರಿನದು 80ರದ್ದಕ್ಕಿಂತ ಮೂರು ಪಟ್ಟು ವಿಸ್ತಾರ, ಅವಸರ ಪಡಬೇಕಿಲ್ಲ. ಆಸ್ಟ್ರಿಯಾದ ನಾಕ್ಟುವಾ ಕಂಪನಿಯ ಕಂದು ಬಣ್ಣದ ಫ್ಯಾನುಗಳು ನೋಡಲು ಚೆನ್ನಾಗಿಲ್ಲದಿದ್ದರೂ ಜನ ದುಬಾರಿ ಬೆಲೆ ಕೊಟ್ಟು ಕೊಳ್ಳುವುದು ಇದಕ್ಕೇ. ಅಷ್ಟು ಖರ್ಚು ಬೇಡವೆಂದರೆ ಪ್ರೊಸೆಸರ್ ಜೊತೆ ಪುಕ್ಕಟೆ ಬರುವ ಗಿಡ್ಡ ಕೂಲರನ್ನು ಬಿಟ್ಟು, 120 ಮಿಲಿಮೀಟರ್ ಫ್ಯಾನಿನ ಸಾಧಾರಣ ಟವರ್ ಕೂಲರ್ ಹಾಕಿಸಿ. ಕೊಳ್ಳುವ ಮುನ್ನ ಅದರ ಎತ್ತರವನ್ನೂ ಕ್ಯಾಬಿನೆಟ್ಟಿನ ಅಗಲವನ್ನೂ ತಾಳೆ ನೋಡಬೇಕು. ನಾಕ್ಟುವಾದ ಎನ್‌ಎಚ್-ಡಿ15 ಕೂಲರಿನ ಎತ್ತರ 165 ಮಿಲಿಮೀಟರ್. ಎಷ್ಟೋ ಕ್ಯಾಬಿನೆಟ್ಟುಗಳಲ್ಲಿ ಪಕ್ಕದ ಬಾಗಿಲು ಮುಚ್ಚುವುದೇ ಇಲ್ಲ.

ಕ್ಯಾಬಿನೆಟ್ಟಿನ ಮುಂಭಾಗ ಜಾಲರಿಯದಿರಲಿ. ಗಾಜಿನಿಂದ ಮುಚ್ಚಿದ್ದರೆ ಫ್ಯಾನು ಸಂದಿಯಿಂದ ಗಾಳಿ ಎಳೆಯಲು ಒದ್ದಾಡಿ ಸಿಳ್ಳೆ ಹಾಕುತ್ತದೆ.

ಒಳಗಿನ ಭಾಗಗಳಿಗೆಲ್ಲ ಕರೆಂಟ್ ಹಂಚುವ ಪೆಟ್ಟಿಗೆಯಾದ ಎಸ್‌ಎಂಪಿಎಸ್ ವಿಷಯದಲ್ಲಿ ಜಿಪುಣತನ ಬೇಡ. ಕ್ಯಾಬಿನೆಟ್ ಜೊತೆ ಬಿಟ್ಟಿ ಕೊಡುವ ಲೋಕಲ್ ಮಾಲಿನ ಫ್ಯಾನು ಸದಾ ಒಂದೇ ವೇಗದಲ್ಲಿ ಒದರುತ್ತಿರುತ್ತದೆ. 80 ಪ್ಲಸ್ ಗೋಲ್ಡ್ ಗುರುತಿನದು ಕರೆಂಟ್ ಪೋಲು ಮಾಡುವುದು ಕಡಿಮೆ, ಆದ್ದರಿಂದ ಬಿಸಿಯೂ ಕಡಿಮೆ. ಇಂಥವುಗಳಲ್ಲಿ ಕೆಲವು ಹಗುರ ಕೆಲಸವಿದ್ದಾಗ ಫ್ಯಾನನ್ನು ಪೂರಾ ನಿಲ್ಲಿಸಿಬಿಡುತ್ತವೆ. ಹೊಸದಾಗಿ ತಂದವರು ಅದು ಕೆಟ್ಟಿದೆ ಎಂದು ಗಾಬರಿಯಾಗುವುದೂ ಇದೆ. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ, ಅದರ ಚಿಂತೆ ಬಿಡಿ. ಹಳೆಯ ಫೋಟೊ, ವಿಡಿಯೊಗಳಿಗಾಗಿ ಹಾರ್ಡ್ ಡಿಸ್ಕ್ ಬೇಕೇಬೇಕೆಂದರೆ ರಬ್ಬರ್ ಬುಷ್ ಮೇಲೆ ಕೂರಿಸಿ. ತಗಡಿಗೆ ನೇರವಾಗಿ ಸ್ಕ್ರೂ ಬಿಗಿದರೆ ಇಡೀ ಕ್ಯಾಬಿನೆಟ್ಟು ತಂಬೂರಿಯ ಬುರುಡೆಯಂತೆ ಅದರ ಕಂಪನವನ್ನು ಹಿಗ್ಗಿಸುತ್ತದೆ.

ಎಲ್ಲ ಜೋಡಿಸಿದ ಮೇಲೆ ಕಾಸಿಲ್ಲದೆ ಆಗುವ ಕೆಲಸವೊಂದಿದೆ. ಕಂಪ್ಯೂಟರ್ ಆನ್ ಮಾಡಿದ ಕೂಡಲೇ ಡಿಲೀಟ್ ಅಥವಾ ಎಫ್2 ಕೀ ಒತ್ತುತ್ತಾ ಬಯೋಸ್ ಒಳಗೆ ಹೋಗಿ, ಫ್ಯಾನ್ ಕಂಟ್ರೋಲ್ ಪುಟ ತೆರೆಯಿರಿ. ಅಲ್ಲೊಂದು ಗೆರೆ ಕಾಣುತ್ತದೆ: ಅಡ್ಡಕ್ಕೆ ಬಿಸಿ, ಉದ್ದಕ್ಕೆ ಫ್ಯಾನಿನ ವೇಗ. ಕಂಪನಿಯವರು ಆ ಗೆರೆಯನ್ನು ಬೇಗನೆ ಏರುವಂತೆ ಇಟ್ಟಿರುತ್ತಾರೆ. ಒಂದು ಫೈಲ್ ತೆರೆದರೂ ಪ್ರೊಸೆಸರಿನ ಬಿಸಿ ಕ್ಷಣಕ್ಕೆ ಹತ್ತಾರು ಡಿಗ್ರಿ ಜಿಗಿಯುತ್ತದೆ, ಫ್ಯಾನು ಬುಸ್ಸೆಂದು ಎದ್ದು ಮತ್ತೆ ಮಲಗುತ್ತದೆ. ಒಂದೇ ಸಮನೆ ಇರುವ ಸದ್ದನ್ನು ಕಿವಿ ಮರೆಯುತ್ತದೆ, ಹೀಗೆ ಏರಿಳಿಯುವುದನ್ನು ಮರೆಯುವುದಿಲ್ಲ. 60 ಡಿಗ್ರಿವರೆಗೆ ಗೆರೆಯನ್ನು ಮಟ್ಟಸವಾಗಿ ಎಳೆದು, ಸ್ಪಂದಿಸುವ ಮುನ್ನ ಕೆಲವು ಸೆಕೆಂಡು ಕಾಯುವ ಆಯ್ಕೆಯಿದ್ದರೆ ಅದನ್ನೂ ಹಾಕಿ. ನಾಲ್ಕು ಪಿನ್ನಿನ ಫ್ಯಾನ್ ಕೊಂಡಿದ್ದರೆ ಈ ಹತೋಟಿ ನಯವಾಗಿ ಸಿಗುತ್ತದೆ.

ಧೂಳಿನ ಫಿಲ್ಟರನ್ನು ತಿಂಗಳಿಗೊಮ್ಮೆ ಒರೆಸಿ. ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆಗೆ ಬೆರಳು ಒತ್ತಿರಲಿ, ಗಾಳಿಯ ರಭಸಕ್ಕೆ ಹುಚ್ಚಾಪಟ್ಟೆ ತಿರುಗಿದರೆ ಬೇರಿಂಗ್ ಸವೆದು, ಆಮೇಲೆ ಕರಕರ ನಿಲ್ಲುವುದಿಲ್ಲ. ಇಷ್ಟಾದ ಮೇಲೂ ಸಣ್ಣಗೆ ಕೀಂಯ್ ಎನ್ನುವುದು ಉಳಿದಿದ್ದರೆ ಅದು ಹೆಚ್ಚಾಗಿ ಗ್ರಾಫಿಕ್ಸ್ ಕಾರ್ಡಿನ ಅಥವಾ ಎಸ್‌ಎಂಪಿಎಸ್‌ನ ತಂತಿ ಸುರುಳಿಗಳು ಅದುರುವ ಸದ್ದು. ಯಾವ ಫ್ಯಾನ್ ಬದಲಿಸಿದರೂ ಅದು ಹೋಗದು, ಎಸ್‌ಎಂಪಿಎಸ್ ಬದಲಿಸಿದರೆ ಒಮ್ಮೊಮ್ಮೆ ಹೋಗುತ್ತದೆ. ಅದಕ್ಕೇ ಡಬ್ಬಿ, ಬಿಲ್ಲು ಎರಡನ್ನೂ ಎಸೆಯದೆ, ತಂದ ಮೊದಲ ರಾತ್ರಿಯೇ ಮೇಲಿನ ಫ್ಯಾನ್ ಆರಿಸಿ ಕಿವಿಗೊಟ್ಟು ಕೇಳಿ.